ಹೊಸ ಫೋನ್ ತೆರೆಯದ ಪುಟ

ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವನು. ಕೊಡಗಿನ ಕಕ್ಕಬೆಯ ಒಂದು ಹೋಂಸ್ಟೇಯಲ್ಲಿ ಜೀಪು ಓಡಿಸುತ್ತೇನೆ. ಅಕ್ಕ ಅಲ್ಲೇ ಅಡುಗೆ ಮಾಡುತ್ತಿದ್ದಳು. ಭಾವ ಕರಿಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಕತ್ತಿನ ಕೆಳಗೆ ಸ್ವಾಧೀನ ತಪ್ಪಿತು. ಆಮೇಲೆ ಗಂಡ ಹೆಂಡತಿ ಇಬ್ಬರೂ ಹೋಂಸ್ಟೇಯ ಹಿಂದೆ, ಕೆಲಸದವರ ಲೈನ್ ಮನೆಗೆ ಬಂದರು. ಅವರನ್ನು ಮಗ್ಗುಲು ಬದಲಿಸಿ ಮಲಗಿಸುವುದು, ತೊಳೆಯುವುದು, ಉಣಿಸುವುದು ಎಲ್ಲವೂ ಅಕ್ಕನದೇ. ಬೇರೆಯವರು ತುತ್ತು ಕೊಟ್ಟರೆ ಭಾವ ಬಾಯಿ ತೆರೆಯುತ್ತಿರಲಿಲ್ಲ.

ಬರಬರುತ್ತ ಅಕ್ಕನಿಗೆ ನಿದ್ದೆ ಬಾರದಾಯಿತು. ಈರುಳ್ಳಿ ಹೆಚ್ಚದೆಯೂ ಕಣ್ಣೀರು ಸುರಿಯುತ್ತಿತ್ತು. ಆಸ್ಪತ್ರೆಯ ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟರು. ಸುಮ್ಮನೆ ಬಸ್ಸಿನಲ್ಲಿ ಓಡಾಡಬೇಡ, ಮನಸ್ಸಿಗೆ ಬಂದದ್ದನ್ನು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ನನಗೆ ಬರೆ, ಉತ್ತರ ಕೊಡುತ್ತೇನೆ ಎಂದಿದ್ದರು.

ಅಕ್ಕನ ಹೊಸ ಫೋನು ಆ ಪುಟವನ್ನು ತೆರೆಯಲಿಲ್ಲ. ಈ ಸೈಟಿನ ಭದ್ರತೆ ಹಳೆಯದು, ಸುರಕ್ಷಿತವಲ್ಲ ಎಂದು ಕೆಂಪಕ್ಷರ ತೋರಿಸಿ ನಿಂತುಬಿಟ್ಟಿತು.

"ಎಂತದೋ ಇದು? ಒಳಗೇ ಬಿಡ್ತಿಲ್ಲ," ಎಂದಳು.

ಹೋಂಸ್ಟೇ ಆಫೀಸಿನಲ್ಲಿ ಬಹಳ ಹಳೆಯ ಕಂಪ್ಯೂಟರ್ ಇತ್ತು. ಅದರಲ್ಲಿ ನೋಡಿದೆ. ಏನೂ ತಕರಾರಿಲ್ಲದೆ ಪುಟ ತೆರೆಯಿತು.

"ನೋಡಿದ್ಯಾ? ನಿನ್ನ ಹೊಸ ಫೋನಿಗಿಂತ ನಮ್ಮ ಮುದುಕನೇ ವಾಸಿ."

"ನಿಂಗೆ ಹಳೇದೆಲ್ಲ ನಿನ್ನ ಜೀಪಿನ ಹಾಗೇ ಕಾಣ್ತದೆ," ಎಂದು ನಕ್ಕಳು.

ಹೌದು, ಹಾಗೆಯೇ ಕಾಣುತ್ತಿತ್ತು. ತಡಿಯಂಡಮೋಳ್ ಬೆಟ್ಟದ ಏರಿನಲ್ಲಿ ಹೊಸ ಕಾರುಗಳು ದೀಪ ಮಿನುಗಿಸಿ, ಕೀಂಗುಟ್ಟಿ ನಿಂತಾಗ ಅವನ್ನು ದಾಟಿ ಹತ್ತುವುದು ನನ್ನ ಹಳೆಯ ಜೀಪೇ. ಎಚ್ಚರಿಕೆ ಕೊಡುವ ಯಂತ್ರ ಪುಕ್ಕಲು ಯಂತ್ರ ಎಂದೇ ನಾನು ತಿಳಿದಿದ್ದೆ.

ನಮ್ಮ ಗುಡ್ಡದಲ್ಲಿ ಫೋನಿನ ಸಿಗ್ನಲ್ ಇಲ್ಲ. ಹಾಗಾಗಿ ಹೋಂಸ್ಟೇಯ ವೈಫೈಗೆ ಪಾಸ್‌ವರ್ಡ್ ಇಟ್ಟಿರಲಿಲ್ಲ. ಕಾಫಿ ಹಣ್ಣು ಕೊಯ್ಯುವ ಪಿಕ್ಕಿಂಗಿಗೆ ಬಂದ ಹೆಂಗಸರು ಬಿಡುವಿನಲ್ಲಿ ಬೇಲಿಯ ಹತ್ತಿರ ನಿಂತು ಮನೆಗೆ ಮಾತಾಡಿಕೊಳ್ಳುತ್ತಿದ್ದರು.

ಒಮ್ಮೆ ಸ್ನೇಹಿತರ ಜೊತೆ ಬಂದ ಅತಿಥಿಯೊಬ್ಬ, ಕಂಪ್ಯೂಟರ್ ಕೆಲಸದವನು, ನನ್ನನ್ನು ಕರೆದು ಹೇಳಿದ: "ಅಣ್ಣ, ಆ ಆಫೀಸ್ ಕಂಪ್ಯೂಟರ್ ತೆಗೆದುಬಿಡಿ. ನಾವು ಬರೆದದ್ದನ್ನ ಅದು ಗುಟ್ಟಿನ ಲಿಪಿಗೆ ತಿರುಗಿಸಿ ಕಳಿಸುತ್ತೆ. ಆದರೆ ಆ ಲಿಪಿಯ ನಿಯಮ ತುಂಬ ಹಳೇದು. ಇದೇ ವೈಫೈಯಲ್ಲಿ ಕೂತವರು ಬಿಡಿಸಿ ಓದಬಹುದು. ಹೊಸ ಫೋನುಗಳು ಅದಕ್ಕೇ ಅದನ್ನ ಒಪ್ಪಲ್ಲ."

"ನೋಡುವ ಸಾರ್," ಎಂದೆ. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ನನ್ನ ಮುದುಕನ ಮರ್ಯಾದೆ ಹೋಗುತ್ತಿತ್ತು.

ಮರುದಿನ ಬೆಟ್ಟಕ್ಕೆ ಮಂಜು ಮುಸುಕಿತ್ತು. ಎಲ್ಲೂ ಹೋಗಲಾಗದೆ ಅತಿಥಿಗಳು ಜಗಲಿಯಲ್ಲಿ ಕೂತಿದ್ದರು. ನಾನು ಕಾಫಿ ಕೊಡುತ್ತಿದ್ದೆ. ಅಕ್ಕ ತಿಂಡಿ ಕೆಲಸ ಮುಗಿಸಿ, ಎಂದಿನಂತೆ ಡಾಕ್ಟರಮ್ಮನಿಗೆ ಬರೆಯಲು ಆಫೀಸಿನ ಬಾಗಿಲು ಹಾಕಿಕೊಂಡಿದ್ದಳು. ಹಳೆಯ ಲಿಪಿ ಒಡೆಯುವುದು ಎಷ್ಟು ಸುಲಭ ಎಂದು ಆ ಕಂಪ್ಯೂಟರ್ ಕೆಲಸದವನು ಸ್ನೇಹಿತರಿಗೆ ಲ್ಯಾಪ್‌ಟಾಪಿನಲ್ಲಿ ತೋರಿಸುತ್ತಿದ್ದ.

"ನೋಡಿ, ಈಗಲೇ ಯಾರೋ ಏನೋ ಕಳಿಸಿದರು," ಎಂದು ಗಟ್ಟಿಯಾಗಿ ಓದಿದ. "ಇವರು ಬೇಗ ಹೋದ್ರೆ ಸಾಕು ಅಂತ ಕೆಲವು ದಿನ ಅನಿಸ್ತದೆ ಡಾಕ್ಟರಮ್ಮ. ಹಾಗೆ ಅನಿಸಿದ ದಿನ ನಂಗೆ ಅನ್ನ ಇಳಿಯೋಲ್ಲ."

"ಪಾಪ, ಯಾರದೋ ಗಂಡನ ಕಥೆ ಮುಗೀತು!" ಎಂದು ಒಬ್ಬ ಕೂಗಿದ. ಎಲ್ಲರೂ ನಕ್ಕರು. ಅದು ಯಾರ ಮಾತೆಂದು ಮೊದಲ ಸಾಲಿಗೇ ನನಗೆ ಗೊತ್ತಾಗಿತ್ತು. ಆದರೂ ನಕ್ಕೆ. ನಗದಿದ್ದರೆ ನನ್ನ ಮುಖ ನೋಡಿ ಕಂಡುಹಿಡಿಯುತ್ತಾರೆ ಎಂದು ನಕ್ಕೆ. ಓದಿದವನೇ "ಛೆ, ಓದಬಾರದಿತ್ತು" ಎಂದು ಲ್ಯಾಪ್‌ಟಾಪ್ ಮುಚ್ಚಿದ.

ಜಗಲಿಯ ಮಾತು ಬೇಲಿಯ ಹತ್ತಿರ ನಿಂತ ಹೆಂಗಸರಿಗೂ ಕೇಳಿತ್ತು, ಅವರಿಗೆ ಅಷ್ಟು ಸಾಕಾಯಿತು. ಹಾಸಿಗೆ ಹಿಡಿದ ಗಂಡನಿರುವವಳು ಅಲ್ಲಿ ಬೇರೆ ಯಾರೂ ಇರಲಿಲ್ಲ. ಸಂಜೆಯೊಳಗೆ ಅದು ಭಾವನ ಕಿವಿಗೂ ಬಿತ್ತು. ಅಕ್ಕ ಗಂಜಿ ತಂದಾಗ ಭಾವ ಮುಖ ಗೋಡೆಗೆ ತಿರುಗಿಸಿದರು.

"ಯಾವಾಗ ಹೋಗ್ಲಿ, ನೀನೇ ಹೇಳು," ಎಂದರಂತೆ.

ಆಮೇಲೆ ಅವಳ ಕೈಯಿಂದ ಏನೂ ಮುಟ್ಟಲಿಲ್ಲ. ಶಿರಂಗಾಲದಿಂದ ಭಾವನ ಅಕ್ಕ ಬಂದು ಅವರನ್ನು ಕರೆದುಕೊಂಡು ಹೋದರು. ಮುಂದಿನ ಮೆಣಸಿನ ಕೊಯ್ಲು ನೋಡಲಿಲ್ಲ ಭಾವ. ಅವರ ಮಣ್ಣಿಗೆಂದು ಹೋದ ನನ್ನ ಅಕ್ಕನನ್ನು ಒಳಗೆ ಬಿಡದೆ ಅಂಗಳದಲ್ಲೇ ಕೂರಿಸಿದರು.

ಮಾತು ಹೊರಬಿದ್ದದ್ದು ಹೇಗೆ ಎಂದು ಅವಳ ಮುಖಕ್ಕೆ ಹೇಳಿದವರಿಲ್ಲ. "ಡಾಕ್ಟರಮ್ಮನಿಗೆ ಒಬ್ಬಳಿಗೇ ಹೇಳಿದ್ದು. ಅವಳೇ ಬಾಯಿ ಬಿಟ್ಟಿದ್ದಾಳೆ," ಎಂದು ಅಕ್ಕ ಮಾತ್ರೆಗಳನ್ನು ಒಲೆಗೆ ಹಾಕಿದಳು. ಡಾಕ್ಟರಮ್ಮ ಹೋಂಸ್ಟೇಯ ಫೋನಿಗೆ ಕರೆ ಮಾಡಿದಾಗೆಲ್ಲ ಬೈದು ಇಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲಿಲ್ಲ.

ಭಾವನ ವರ್ಷದ ತಿಥಿ ಮುಗಿದ ಮೇಲೆ ಎಲ್ಲ ಹೇಳಿದೆ. ಅಕ್ಕ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಹಾಗಾದ್ರೆ ಡಾಕ್ಟರಮ್ಮ ಹೇಳಿದ್ದಲ್ವಾ?"

"ಅಲ್ಲ."

"ಅಯ್ಯೋ, ಎಂತೆಂತ ಅಂದುಬಿಟ್ಟೆನಲ್ಲೋ ಅವಳಿಗೆ." ಮೊರ ಒಮ್ಮೆ ಕೇರಿ ಕೇಳಿದಳು: "ಅವ ಓದುವಾಗ ನೀ ಎಂತ ಮಾಡ್ತಿದ್ದೆ?"

"ನಗ್ತಿದ್ದೆ ಅಕ್ಕ."

ಅವಳು ಬೈಯಲಿಲ್ಲ. ಅಕ್ಕಿಯಲ್ಲಿದ್ದ ಕಲ್ಲೊಂದನ್ನು ತೆಗೆದು ಅಂಗಳಕ್ಕೆ ಎಸೆದಳು.

"ಆಸ್ಪತ್ರೆಗೆ ಹೋಗುವ ಅಕ್ಕ. ನಾನೇ ಜೀಪಲ್ಲಿ ಕರ್ಕೊಂಡು ಹೋಗ್ತೇನೆ. ಅವರ ಎದುರೇ ಕೂತು ಹೇಳು."

"ಬೇಡ ಮಾರಾಯ," ಎಂದಳು. "ಯಾರಿಗೂ ಹೇಳ್ಲಿಕ್ಕೆ ನಂಗೆ ಇನ್ನು ಎಂತದೂ ಇಲ್ಲ."

ಈಗಲೂ ನನ್ನ ಊಟ ವಿಚಾರಿಸುತ್ತಾಳೆ, ಮಕ್ಕಳ ಜ್ವರ ವಿಚಾರಿಸುತ್ತಾಳೆ. ಅವಳ ಕಣ್ಣಿನ ಸುತ್ತ ಕಪ್ಪಾಗಿದೆ. ನಿದ್ದೆ ಬರ್ತದಾ ಎಂದು ಕೇಳಿದರೆ, ಆರಾಮ ಇದ್ದೇನೆ ಎಂದು ಒಳಗೆ ಹೋಗುತ್ತಾಳೆ.