ಅಸಿ ನಾಲೆಯ ಈಚೆ ದಡ

ಸೊಸೆಯಮ್ಮನ ಎಡ ಮುಂಗೈ ಮೇಲೆ ಯಾವಾಗಲೂ ಉಗುರಿನ ಗಾಯಗಳಿರುತ್ತಿದ್ದವು. ಬಿದಿಗೆಯ ಚಂದ್ರನಂಥ ಸಣ್ಣ ಗೆರೆಗಳು. ಒಂದು ಮಾಯುವಷ್ಟರಲ್ಲಿ ಅದರ ಪಕ್ಕ ಇನ್ನೊಂದು ಕೆಂಪಗೆ ಎದ್ದಿರುತ್ತಿತ್ತು. ಕಣ್ಣು ಕಾಣದ ಅತ್ತೆಯನ್ನು ಅವರು ದಿನಾ ಬೆಳಿಗ್ಗೆ ಘಾಟಿನ ಮೆಟ್ಟಿಲಿಳಿಸಿ, ಗಂಗೆಯಲ್ಲಿ ಮುಳುಗಿಸಿ, ಮತ್ತೆ ಹತ್ತಿಸಿ ತರುತ್ತಿದ್ದರು. ಜಾರಿ ಬೀಳುವ ಹೆದರಿಕೆಗೆ ಅತ್ತೆ ಹಿಡಿಯುತ್ತಿದ್ದದ್ದು ಆ ಕೈಯನ್ನು. "ಜಾರದ ದಿನವೂ ಅಷ್ಟೇ ಗಟ್ಟಿ ಹಿಡೀತಾಳೆ," ಎಂದು ಸೊಸೆಯಮ್ಮ ಗಾಯಕ್ಕೆ ಅರಿಸಿನ ಒತ್ತಿಕೊಳ್ಳುತ್ತ ಹೇಳುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ನಾನು ಬನಾರಸಿನಲ್ಲಿ ಎಂ.ಎ. ಓದುತ್ತಿದ್ದೆ. ವಿಶ್ವವಿದ್ಯಾಲಯದ ಹೆಬ್ಬಾಗಿಲ ಎದುರಿನ ಲಂಕಾ ಎಂಬ ಪೇಟೆಯಲ್ಲಿ ತರಕಾರಿ ಗಾಡಿಯೊಂದರ ಮುಂದೆ ನಿಂತು ಗೆಳೆಯನ ಹತ್ತಿರ ಹಾಸ್ಟೆಲಿನ ಊಟವನ್ನು ಕನ್ನಡದಲ್ಲಿ ಬೈಯುತ್ತಿದ್ದಾಗ, ಪಕ್ಕದಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಗಸು ತಲೆಯೆತ್ತದೆ ಕೇಳಿದರು: "ಯಾವ ಊರಪ್ಪಾ ನಿಂದು?" ಹೇಳಿದೆ. "ಭಾನುವಾರ ಊಟಕ್ಕೆ ಬಾ. ಪುಣ್ಯಕ್ಕೆ ಅಂದ್ಕೋಬೇಡ. ಆ ಒಂದು ಬಾಯಿ ಬಿಟ್ಟು ಬೇರೆ ಬಾಯಿಂದ ಕನ್ನಡ ಕೇಳ್ಬೇಕು ನಂಗೆ."

ಆ ಬಾಯಿ ಅವರ ಅತ್ತೆಯದು. ಬೆಳಗಿನಿಂದ ಸಂಜೆಯವರೆಗೆ ಅದು "ಸೊಸೇ" ಎಂದು ಕೂಗುತ್ತಿದ್ದುದರಿಂದ ನಾವು ಹುಡುಗರೂ ಅವರನ್ನು ಸೊಸೆಯಮ್ಮ ಎಂದೇ ಕರೆದೆವು. ಅತ್ತೆಯನ್ನು ಅಜ್ಜಿ ಎಂದೆವು.

ಅಜ್ಜಿ ಸಾಯುವುದಕ್ಕೆಂದು ಕಾಶಿಗೆ ಬಂದವರು. ಕೊನೆಯುಸಿರಿನ ತನಕ ಕಾಶಿಯ ಗಡಿ ದಾಟುವುದಿಲ್ಲ ಎಂದು ಸಂಕಲ್ಪ ಮಾಡಿಕೊಂಡಿದ್ದರು. ಉತ್ತರಕ್ಕೆ ವರುಣಾ, ದಕ್ಷಿಣಕ್ಕೆ ಅಸಿ, ಎದುರಿಗೆ ಗಂಗೆ. ಇವುಗಳ ನಡುವೆ ಸತ್ತರೆ ಮೋಕ್ಷ, ಆಚೆ ಸತ್ತರೆ ಅಷ್ಟೂ ವರ್ಷದ ತಪಸ್ಸು ನೀರುಪಾಲು. ಅವರ ಬಾಡಿಗೆ ಮನೆ ಅಸಿ ನಾಲೆಯ ಈಚೆ ದಡದಲ್ಲಿತ್ತು. ಲಂಕಾ, ನನ್ನ ವಿಶ್ವವಿದ್ಯಾಲಯ ಎಲ್ಲವೂ ಆಚೆ. ಬೇಸಿಗೆಯಲ್ಲಿ ಆ ನಾಲೆ ಎಂದರೆ ಎಮ್ಮೆ ಹೊಟ್ಟೆ ಒದ್ದೆಯಾಗದೆ ದಾಟುವ ಚರಂಡಿ. ಆದರೂ ಅದು ಗಡಿಯೇ.

ಸೊಸೆಯಮ್ಮನಿಗೆ ವ್ರತವಿರಲಿಲ್ಲ. ದಾವಣಗೆರೆಯಲ್ಲಿ ಅಂಗಡಿ ಇಟ್ಟಿದ್ದ ಗಂಡ, "ಅಮ್ಮನ ಜೊತೆ ಹೋಗಿರು, ಜಾಸ್ತಿ ದಿನ ಏನಿಲ್ಲ" ಎಂದು ರೈಲು ಹತ್ತಿಸಿದ್ದರಂತೆ. ಅದಾಗಿ ಎಷ್ಟೋ ಮಳೆಗಾಲ ಕಳೆದಿದ್ದವು. ಮಗಳ ಮದುವೆಯೂ ಆಗಿಹೋಯಿತು. ಅಜ್ಜಿಯನ್ನು ಒಂಟಿ ಬಿಡುವ ಹಾಗಿಲ್ಲವೆಂದು ತಾಯಿಯನ್ನು ಕರೆಸಲಿಲ್ಲ, ಧಾರೆಯನ್ನು ಚಿಕ್ಕಪ್ಪ ಚಿಕ್ಕಮ್ಮ ಎರೆದರು. ಅಜ್ಜಿ ಸತ್ತರೆ ಸೊಸೆಯಮ್ಮ ಊರಿಗೆ ಹೋಗಬಹುದು. ಇದು ಇಬ್ಬರಿಗೂ ಗೊತ್ತಿತ್ತು, ಇಬ್ಬರೂ ಮುಚ್ಚಿಡುತ್ತಿರಲಿಲ್ಲ.

"ನಾನು ಹೋಗ್ಲಿ ಅಂತ ದಿನಾ ವಿಶ್ವನಾಥನ ಕಿವಿ ಕಚ್ತೀಯಲ್ಲೇ," ಎನ್ನುತ್ತಿದ್ದರು ಅಜ್ಜಿ.

"ಕಚ್ತೀನಿ. ನಿಂಗೆ ಕಣ್ಣಿಲ್ಲ, ಅವನಿಗೆ ಕಿವಿಯಿಲ್ಲ," ಎನ್ನುತ್ತಿದ್ದರು ಇವರು. ಅಜ್ಜಿಗೆ ಮೂರನೆಯ ಸಲ ಹುಳಿ ಬಡಿಸುತ್ತ ನನ್ನ ಕಡೆ ತಿರುಗಿ, "ಕಾಶೀಲಿ ಸಾಯೋಕೆ ಬಂದೋರಿಗೆ ಹಸಿವು ಜಾಸ್ತಿ ಕಣಪ್ಪಾ ಎಂ.ಎ.," ಎನ್ನುತ್ತಿದ್ದರು.

ಒಂದು ಮಾತು ಮಾತ್ರ ನನಗೆ ಬಹಳ ದಿನ ಅರ್ಥವಾಗಲಿಲ್ಲ. ತರಕಾರಿ ಲಂಕಾದಲ್ಲಿ ಅಗ್ಗ, ತಾಜಾ. ಸೊಸೆಯಮ್ಮ ನಾಲೆ ದಾಟಿ ಹೋಗಿ ತರುತ್ತಿದ್ದರು. ಬಾಗಿಲಲ್ಲೇ ಅಜ್ಜಿಯ ಪ್ರಶ್ನೆ: "ನಾಲೆ ದಾಟಿದೆಯಾ?" ದಾಟಿದೆ ಎಂದರೆ ಬೈಗುಳ, ಆಮೇಲೆ ಹೊರಗಿನ ಮಣ್ಣು ಹೋಗುವ ಹಾಗೆ ತಲೆಗೆ ಸ್ನಾನ, ಮಾಘದ ಚಳಿಯಲ್ಲೂ. "ಇಲ್ಲೇ ತಗೊಂಡೆ ಅಂತ ಹೇಳಿಬಿಡಿ, ಅವರಿಗೆ ಹೇಗೆ ಗೊತ್ತಾಗುತ್ತೆ?" ಎಂದೆ ಒಮ್ಮೆ. ಒದ್ದೆ ಕೂದಲು ಹಿಂಡುತ್ತ ಸೊಸೆಯಮ್ಮ ನನ್ನನ್ನು ದುರುಗುಟ್ಟಿದರು. "ಕುರುಡೀಗೆ ಸುಳ್ಳು ಹೇಳೋದು ದೊಡ್ಡ ಶೌರ್ಯಾನಾ? ಬೈಸ್ಕೋತೀನಿ. ಅವಳಿಗೆ ಹೆದರಲ್ಲ."

ಆ ವರ್ಷದ ಮಳೆ ನಿಲ್ಲಲೇ ಇಲ್ಲ. ಮೊದಮೊದಲು ಊರು ಅದನ್ನು ಜಾತ್ರೆಯ ಹಾಗೆ ನೋಡಿತು. ಇಂದು ಯಾವ ಮೆಟ್ಟಿಲು ಮುಳುಗಿತು, ಯಾವ ಗುಡಿಯ ಶಿಖರ ಉಳಿಯಿತು ಎಂದು ಜನ ಚಹಾ ಕುಡಿಯುತ್ತ ಮಾತಾಡಿದರು. ನದಿ ಮುಂದಿನಿಂದ ಬರುತ್ತದೆಂದು ಎಲ್ಲರೂ ಘಾಟಿನ ಕಡೆ ಮುಖ ಮಾಡಿ ಕಾಯುತ್ತಿದ್ದಾಗ ಅದು ಹಿಂದಿನಿಂದ ಬಂತು. ಅಸಿ ನಾಲೆ ತಿರುಗಿ ಹರಿಯತೊಡಗಿತು. ಚರಂಡಿ ಅಗಲವಾಯಿತು, ಹೊಳೆಯಾಯಿತು, ಬೀದಿಗಳ ಒಳಗೆ ನುಗ್ಗಿ ನೆಲಮಹಡಿಗಳನ್ನು ನುಂಗಿತು.

ವಿದ್ಯಾರ್ಥಿಗಳು ಅಂಬಿಗರ ಜೊತೆ ದೋಣಿಯಲ್ಲಿ ಹೋಗಿ ಜನರನ್ನು ಲಂಕಾದ ಕಡೆಗೆ ಸಾಗಿಸುತ್ತಿದ್ದರು. ಮನೆ ನನಗೆ ಗೊತ್ತಿದ್ದುದರಿಂದ ಒಂದು ಮಧ್ಯಾಹ್ನ ನಾನೂ ಹತ್ತಿದೆ. ದೋಣಿಯಲ್ಲಿ ಆಗಲೇ ಒಬ್ಬ ಮಿಠಾಯಿ ಅಂಗಡಿಯವನ ಹೆಂಡತಿ, ಅವಳ ಎರಡು ಮಕ್ಕಳಿದ್ದರು. ಸೊಸೆಯಮ್ಮನ ಮನೆಯ ಮಹಡಿಯ ಕಟಾಂಜನಕ್ಕೆ ಹಗ್ಗ ಬಿಗಿದು ನಿಂತೆವು. ಸೊಸೆಯಮ್ಮ ಗಂಟು ಕಟ್ಟಿಕೊಂಡು ಸಿದ್ಧವಾಗಿದ್ದರು. ಗಂಟನ್ನು ನನ್ನ ಕೈಗಿಟ್ಟು ಒಂದು ಕಾಲನ್ನು ದೋಣಿಯೊಳಗೆ ಇಟ್ಟೂ ಬಿಟ್ಟರು. ಅವರ ಮುಖದಲ್ಲಿ ಅಂಥ ಆತುರವನ್ನು ನಾನು ಎಂದೂ ಕಂಡಿರಲಿಲ್ಲ.

ಅಜ್ಜಿ ಏಳಲಿಲ್ಲ. "ದೋಣಿ ಯಾವ ಕಡೆಗಂತೆ?"

ನಾನು ಅಂಬಿಗನನ್ನು ಕೇಳಿದೆ. ಗಡಿಯ ಒಳಗಿನ ದಶಾಶ್ವಮೇಧ ಘಾಟಿನ ಕಡೆಗೆ ಹೋದರೆ ಸೆಳವು ದೋಣಿಯನ್ನು ಒಡೆಯುತ್ತದೆ, ಲಂಕಾ ಒಂದೇ ದಾರಿ ಎಂದು ಅವನು ಪಿಸುಗುಟ್ಟಿದ. ಇಂಥ ಮುದುಕಿಯರನ್ನು ಬೆಳಗಿನಿಂದ ಸಾಗಿಸಿದ್ದವನು, ಕೂಡಲೇ ದನಿಯೇರಿಸಿ, "ದಶಾಶ್ವಮೇಧ್, ಮಾಈ, ದಶಾಶ್ವಮೇಧ್. ಜಲ್ದೀ ಕರಾ, ಪಾನೀ ಬಢತ ಹೌ," ಎಂದ. ನಾನೂ ಕನ್ನಡದಲ್ಲಿ, "ಹೌದಜ್ಜಿ, ನೀರು ಏರ್ತಾ ಇದೆ, ದಶಾಶ್ವಮೇಧಕ್ಕೇ ಹೋಗ್ತಾ ಇದ್ದೀವಿ," ಎಂದೆ.

ಅಜ್ಜಿ ಎದ್ದರು. ಕಟಾಂಜನದವರೆಗೆ ತಡವರಿಸಿ ಬಂದರು. ಅಲ್ಲಿ ನಿಂತು, "ಸೊಸೇ, ನಿಜವೇನೇ?" ಎಂದು ಕೇಳಿದರು.

ಆಕಾಶ ಕಪ್ಪಾಗಿತ್ತು. ದೋಣಿ ಗೋಡೆಗೆ ಬಡಿಯುತ್ತಿತ್ತು. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಇಲ್ಲ," ಎಂದರು ಸೊಸೆಯಮ್ಮ. "ನಾಲೆ ದಾಟಿಸ್ತಾರೆ. ಲಂಕಾಕ್ಕೆ."

ಅಜ್ಜಿ ಇದ್ದಲ್ಲೇ ಕುಳಿತುಬಿಟ್ಟರು. ನನಗೆ ರೇಗಿತು. "ಏನು ಮಾಡಿದ್ರಿ ಸೊಸೆಯಮ್ಮ? ಇಬ್ಬರೂ ಸಾಯ್ತೀರಿ."

"ಇಷ್ಟು ವರ್ಷ ಇವಳ ಹೇಲು ಬಳಿದಿದ್ದು ಯಾತಕ್ಕೋ? ಇವಳು ಇಲ್ಲಿ ಸಾಯ್ಲಿ ಅಂತ. ಮಗಳ ಧಾರೆ ಬಿಟ್ಟಿದ್ದು ಯಾತಕ್ಕೆ? ಈಗ ಮೋಸ ಮಾಡಿ ಕರ್ಕೊಂಡ್ಹೋಗಿ ಆಚೆ ಎಲ್ಲೋ ಸತ್ಲು ಅಂದ್ರೆ, ನಾನು ಕೊಳೆತಿದ್ದಕ್ಕೆ ಏನು ಬಂತು?"

"ನೀವಾದರೂ ಬನ್ನಿ."

"ಹೋಗೇ, ಹೋಗು," ಎಂದರು ಅಜ್ಜಿ ಕುಳಿತಲ್ಲಿಂದಲೇ. "ನಿಂಗೇನು ವ್ರತವಾ? ಹೋಗೋ ಮುಂಚೆ ಒಂದು ತಂಬಿಗೆ ನೀರಿಟ್ಟು ಹೋಗು."

ಸೊಸೆಯಮ್ಮ ನಕ್ಕರು. "ಇಷ್ಟು ನೀರು ಸಾಲದಂತೆ ಇವಳಿಗೆ." ದೋಣಿಯಲ್ಲಿಟ್ಟಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಗಂಟನ್ನು ವಾಪಸು ಕೇಳಿ ಪಡೆದರು. "ನಾಳೆ ಬರೋವಾಗ ಬೆಂಕಿಪೊಟ್ಟಣ ತಾ. ನೆನೀದ ಹಾಗೆ." ಅಂಬಿಗ ಹಗ್ಗ ಬಿಚ್ಚಿದ.

ನಾವು ನಾಲೆಯ ನಡುವೆ ಇದ್ದಾಗ ಸಿಡಿಲು ಬಡಿಯಿತು. ಎಲ್ಲಿ ಎಂದು ಗೊತ್ತಾಗಲಿಲ್ಲ, ನೀರೆಲ್ಲ ಬೆಳ್ಳಗಾಯಿತು ಅಷ್ಟೇ. ದೋಣಿ ಅಡ್ಡಡ್ಡ ತಿರುಗಿ ವಿದ್ಯುತ್ ಕಂಬಕ್ಕೆ ಹೊಡೆದು ವಾಲಿತು. ಮಿಠಾಯಿಯವನ ಹೆಂಡತಿ ಒಂದು ಮಗುವನ್ನು ಹಲ್ಲಿನಲ್ಲಿ ಅಂಗಿ ಕಚ್ಚಿ ಹಿಡಿದಿದ್ದಳು, ಇನ್ನೊಂದನ್ನು ನನ್ನ ತೊಡೆಗೆ ಎಸೆದಳು. ನಾನು ಕಂಬಕ್ಕೆ ಹಾಕಿದ ಹಗ್ಗ ನನ್ನ ಅಂಗೈಯ ಚರ್ಮ ಸುಲಿಯಿತು. ಹೇಗೋ ಎಲ್ಲರೂ ಲಂಕಾ ಮುಟ್ಟಿದೆವು. ಇಂದಿಗೂ ಗುಡುಗಿದರೆ ನನ್ನ ಅಂಗೈ ಮುಚ್ಚಿಕೊಳ್ಳುತ್ತದೆ. ಆ ದೋಣಿ ನನ್ನೊಳಗೆ ಆ ಕಂಬದ ಸುತ್ತ ಇನ್ನೂ ತಿರುಗುತ್ತಿದೆ.

ಬೆಳಿಗ್ಗೆ ಗಾಳಿ ಬಿದ್ದಿತ್ತು, ಮಳೆ ನಿಂತಿತ್ತು. ಹೋಗಿ ನೋಡಿದರೆ ಮನೆಯ ನಾಲೆ ಕಡೆಯ ಅರ್ಧ ಇರಲಿಲ್ಲ. ಮೆಟ್ಟಿಲ ಕೋಣೆಯ ಮಾಡಿನ ಮೇಲೆ ಅಜ್ಜಿ ಮುದ್ದೆಯಾಗಿ ಕುಳಿತಿದ್ದರು. ಸೀರೆಯೊಂದರಿಂದ ಅವರನ್ನು ಅಲ್ಲಿದ್ದ ಕಬ್ಬಿಣದ ಸರಳಿಗೆ ಕಟ್ಟಲಾಗಿತ್ತು.

"ಎತ್ತಿ ಮೇಲೆ ಕೂರಿಸಿದ್ಲು," ಎಂದರು. "ಕೆಳಗೆ ನಿಂತು ನನ್ನ ಕಾಲು ಹಿಡ್ಕೊಂಡಿದ್ಲು. ಬೈತಾ ಇದ್ಲು. ಆಮೇಲೆ ಗೋಡೆ ಸದ್ದಾಯ್ತು. ಕೈ ಇರಲಿಲ್ಲ."

ಸೆಳವು ಇಳಿದಿದ್ದುದರಿಂದ ಅಂಬಿಗ ಅಂದು ಅಜ್ಜಿಯನ್ನು ಗಲ್ಲಿಗಳ ಒಳಗಿಂದಲೇ ದಶಾಶ್ವಮೇಧದ ಕಡೆಗೆ ಒಯ್ದ. ಅಲ್ಲಿ ನಮ್ಮ ಕಡೆಯವರ ಛತ್ರವೊಂದರಲ್ಲಿ ಇರಿಸಿಕೊಂಡರು.

ನೀರು ಇಳಿಯುವಾಗ ಸೊಸೆಯಮ್ಮ ನಾಲೆಯ ಈಚೆ ದಡದ ಇಟ್ಟಿಗೆ ಕೆಸರಿನ ಕೆಳಗೆ ಸಿಕ್ಕರು. ಮಣಿಕರ್ಣಿಕಾದ ಮೆಟ್ಟಿಲುಗಳು ಇನ್ನೂ ಮುಳುಗಿದ್ದವು. ಮೇಲಿನ ಓಣಿಯಲ್ಲಿ ಹೆಣಗಳು ಸರದಿಯಲ್ಲಿ ಕಾಯುತ್ತಿದ್ದವು. ಸೌದೆ ಹಸಿಯಾಗಿತ್ತು. ದಾವಣಗೆರೆಗೆ ತಂತಿ ಹೋಗಿತ್ತು, ಯಾರೂ ಬಂದಿರಲಿಲ್ಲ. ಬೆಂಕಿ ಇಟ್ಟದ್ದು ನಾನು.

ಅಜ್ಜಿಗೆ ಹೇಳಿದೆ. "ಈಚೆಗೇ ಸಿಕ್ಕಿದ್ಲಾ?" ಎಂದರು. ಹೌದೆಂದೆ. "ನೋಡು. ಬೇಡ ಬೇಡ ಅಂದೋಳಿಗೆ ಸಿಕ್ತು. ಅತ್ತೆಗಿಂತ ಮೊದಲೇ ಎಲೆ ಹಾಕ್ಕೊಂಡು ಕೂತ್ಲು, ರಂಡೆ." ಆಮೇಲೆ ಊಟಕ್ಕೆ ಕರೆದರೆ ಬರಲಿಲ್ಲ. ಮರುದಿನವೂ ಬರಲಿಲ್ಲ.

ಅಜ್ಜಿಯ ಮಗ ದಾವಣಗೆರೆಯಿಂದ ಬಂದರು. ಮೆದು ಮಾತಿನ ಮನುಷ್ಯ. ಇಲ್ಲಿ ನೋಡಿಕೊಳ್ಳುವವರು ಯಾರೂ ಇಲ್ಲವಲ್ಲ ಎಂದು ನನ್ನ ಹತ್ತಿರ ಎರಡು ಸಲ ಹೇಳಿದರು. ತಾಯಿಗೆ ಮಾತ್ರ, "ಕಾಶಿ ಸ್ಟೇಷನ್ನಿನ ಹತ್ತಿರ ಮನೆ ಮಾಡಿದ್ದೀನಮ್ಮ, ಗಡಿಯ ಒಳಗೇ, ಇಲ್ಲಿಂದ ರೈಲಲ್ಲಿ ಒಂದೇ ಸ್ಟೇಷನ್ನು," ಎಂದರು. ಗಂಗೆಯಾಚೆಯ ಮುಗಲ್‌ಸರಾಯಿಯಲ್ಲಿ ಅವರಿಬ್ಬರನ್ನು ದಕ್ಷಿಣದ ಗಾಡಿ ಹತ್ತಿಸಲು ನಾನೂ ಜೊತೆಗೆ ಹೋದೆ.

ಕಾಶಿ ಸ್ಟೇಷನ್ನು ಬಂತು, ಹೋಯಿತು. ಗಾಡಿ ಗಂಗೆಯ ಸೇತುವೆ ಹತ್ತಿತು. ಕಬ್ಬಿಣದ ಸದ್ದಿಗೆ ಅಜ್ಜಿ ತಲೆ ಎತ್ತಿದರು.

"ಇದೇನೋ ಸದ್ದು?"

"ರೈಲಿನ ಸದ್ದಮ್ಮ," ಎಂದರು ಮಗ.

ಅಜ್ಜಿ ಮುಖವನ್ನು ನನ್ನ ಕಡೆಗೆ ತಿರುಗಿಸಿದರು. "ನೀನು ಹೇಳು."

ಮಗ ನನಗೆ ಬೇಡವೆಂದು ಕೈಸನ್ನೆ ಮಾಡಿದರು. ಸೊಸೆಯಮ್ಮನ ಅನ್ನ ತಿಂದ ಬಾಯಲ್ಲಿ ಇನ್ನೊಂದು ಸುಳ್ಳು ಬರಲಿಲ್ಲ. "ಗಂಗೆ ಅಜ್ಜಿ. ದಾಟ್ತಾ ಇದ್ದೀವಿ," ಎಂದೆ.

"ಎಷ್ಟಾಯ್ತು?"

"ಅರ್ಧ."

"ಇನ್ನರ್ಧ ಇದೆ ಹಾಗಾದ್ರೆ," ಎಂದರು. ಕಾಲು ಮಡಚಿ ನೆಟ್ಟಗೆ ಕುಳಿತು, ತುಟಿ ಬಿಗಿದು, ಎರಡು ಬೆರಳಿನಿಂದ ಮೂಗನ್ನು ಒತ್ತಿ ಹಿಡಿದರು. ಕತ್ತಿನ ನರ ಉಬ್ಬಿತು. ಮುಖ ಕಪ್ಪಿಟ್ಟಿತು. ಮಗ ಕಿಟಕಿಯ ಕಡೆ ನೋಡುತ್ತಿದ್ದರು. ನಾನು ಅಜ್ಜಿಯ ಕೈ ಬಿಡಿಸಲು ಹೋಗಲಿಲ್ಲ. ಕಬ್ಬಿಣದ ಸದ್ದು ನಿಂತು ಮಣ್ಣಿನ ಮೇಲೆ ಗಾಲಿಗಳ ಸದ್ದು ಶುರುವಾದಾಗ ಅಜ್ಜಿಯ ಬಾಯಿ ತಾನಾಗಿಯೇ ತೆರೆದುಕೊಂಡಿತು, ಗಾಳಿ ಒಳಗೆ ಹೋಯಿತು.