ಕೆಮ್ಮಣ್ಣನ ಎರಡು ಸಾಲು

ನನ್ನ ಗಂಡ ಥೆಮೆಲಿಸನಿಗೆ ವರ್ಷಕ್ಕೆ ಎರಡೇ ಕಾಲ. ಒಂದು ಬೇಸಿಗೆ, ಇನ್ನೊಂದು ಬೇಸಿಗೆ ಯಾವಾಗ ಬರುತ್ತದೋ ಎಂದು ನನ್ನ ಜೀವ ತಿನ್ನುವ ಕಾಲ. ಅಲೆಕ್ಸಾಂಡ್ರಿಯಾದ ಟ್ರಾಮ್ ದಾರಿಯ ಪಕ್ಕ ಅವನ ಕ್ಷೌರದಂಗಡಿ. ಹುಟ್ಟಿದ್ದು ಅದರ ಮಹಡಿಯ ಮೇಲೆ, ಬೈಯುವುದು ಅರಬ್ಬಿಯಲ್ಲಿ, ಬೇಯಿಸಿ ಮಸೆದ ಕಾಳಿನ ಫೂಲ್ ತಿನ್ನದೆ ಅವನಿಗೆ ಬೆಳಗೇ ಆಗುವುದಿಲ್ಲ. ಆದರೆ ಯಾರಾದರೂ ಯಾವೂರು ಎಂದು ಕೇಳಿದರೆ ಎದೆಯುಬ್ಬಿಸಿ "ಕಾರ್ಪಥೋಸ್" ಎನ್ನುತ್ತಾನೆ. ಅದು ಗ್ರೀಸಿನಲ್ಲಿ ಅವನಪ್ಪ ಹುಟ್ಟಿದ ದ್ವೀಪ. ನಾನೂ ಗ್ರೀಕಳೇ, ನಮ್ಮ ತಾತನಿಗೂ ಒಂದು ದ್ವೀಪವಿತ್ತು. ನಾನು ಅದನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುವುದಿಲ್ಲ, ಅಷ್ಟೇ.

ಅವರೂರಿನಲ್ಲಿ ಒಂದು ಪದ್ಧತಿ ಇದೆ. ಅಲ್ಲಿಯ ನಡುಬೇಸಿಗೆ ಆಗಸ್ಟಿನಲ್ಲಿ ಮಾತೆ ಮರಿಯಳ ಹಬ್ಬದ ದಿನ ಗಂಡಸರೆಲ್ಲ ಒಂದು ಉದ್ದ ಮೇಜಿನ ಸುತ್ತ ಕೂರುತ್ತಾರೆ. ಪಿಟೀಲಿನ ಜಾತಿಯ ಲೀರಾ ನುಡಿಯುತ್ತಿರುತ್ತದೆ. ಒಬ್ಬ ಇನ್ನೊಬ್ಬನ ಮುಖ ನೋಡಿ ಎರಡು ಸಾಲು ಹಾಡುತ್ತಾನೆ. ಹಾಡಿಸಿಕೊಂಡವನು ಅದೇ ಧಾಟಿಯಲ್ಲಿ ಆಗಿಂದಾಗಲೇ ಎರಡು ಸಾಲು ಕಟ್ಟಿ ತಿರುಗಿ ಹಾಡಬೇಕು. ಹಾಡಿದವನು ಊರಿನವನು, ಹಾಡದವನು ನೆಂಟ. ಮೊದಲೇ ಕಟ್ಟಿಕೊಂಡು ಬಂದ ಸಾಲನ್ನು ಅವರು ವಾಸನೆಯಲ್ಲೇ ಹಿಡಿಯುತ್ತಾರೆ, ಅದಕ್ಕೆ ಕಿಲುಬು ಕಾಸಿನ ಬೆಲೆಯೂ ಇಲ್ಲ.

ಮದುವೆಯಾದ ಹೊಸತರಲ್ಲಿ ಒಮ್ಮೆ ಹೋಗಿದ್ದೆವು. ಥೆಮೆಲಿಸ್ ಹೊಸ ಕೋಟು ಹಾಕಿ, ಅಂಗಡಿಯ ಅರ್ಧ ಸೀಸೆ ಅತ್ತರು ಮೈಗೆ ಸುರಿದುಕೊಂಡು ಮೇಜಿಗೆ ಕೂತ. ಅವನ ದೊಡ್ಡಪ್ಪನ ಮಗ ಮಿನಾಸ್, ಆಡುಗಳಂತೆ ಬೆಟ್ಟದಲ್ಲೇ ಬೆಳೆದವನು, ಗ್ಲಾಸು ಎತ್ತಿದ:

ಈಜಿಪ್ಟ್ ನೆಂಟ ಬಂದನಪ್ಪಾ ಅತ್ತರು ಬಳ್ಕೊಂಡು,
ಹಾಡು ಅಂದ್ರೆ ಕೂತವ್ನೆ ಬಾಯ್ಗೆ ಮರಳು ತುಂಬ್ಕೊಂಡು.

ಮೇಜು ನನ್ನ ಗಂಡನ ಕಡೆ ತಿರುಗಿತು. ನನ್ನ ಗಂಡ ಬಾಯಿ ತೆರೆದ. ಬಂದದ್ದು ಕೆಮ್ಮು. ನೀರು ಕುಡಿದ, ಮತ್ತೆ ಕೆಮ್ಮಿದ. ಅವತ್ತಿನಿಂದ ಆ ಊರಿನಲ್ಲಿ ಅವನ ಹೆಸರು ಕೆಮ್ಮಣ್ಣ.

ಆಮೇಲೆ ಪ್ರತಿ ಚಳಿಗಾಲವೂ "ಈ ಬೇಸಿಗೆಗೆ ಹೋಗೋದೇ" ಎನ್ನುವನು. ಬೇಸಿಗೆ ಹತ್ತಿರ ಬಂದರೆ ಮಂಡಿ ನೋವು, ಅಂಗಡಿಗೆ ಸುಣ್ಣ, ಸಮುದ್ರದ ಗಾಳಿ. ನಿಜ ಏನೆಂದರೆ ಅವನ ಉತ್ತರ ಇನ್ನೂ ತಯಾರಾಗಿರಲಿಲ್ಲ. ಹೊಟ್ಟೆಯ ಮೇಲೆ ಹಾಡಿದರೆ ಇದು, ಬೋಳುತಲೆಯ ಮೇಲೆ ಹಾಡಿದರೆ ಅದು, ಹೀಗೆ ಬಗೆಬಗೆಯ ಏಟಿಗೆ ಬಗೆಬಗೆಯ ಎದುರೇಟು ಬಾಯಿಪಾಠ ಮಾಡುತ್ತಿದ್ದ. ಮಾಡುತ್ತಿದ್ದದ್ದು ಎಲ್ಲಿ? ಗಿರಾಕಿಗಳ ಕತ್ತಿನ ಮೇಲೆ.

"ಥೆಮೆಲಿ," ಎನ್ನುವರು ಮೀನಿನ ವ್ಯಾಪಾರಿ ಹಾಜಿ ಶಾಬಾನ್, ಮುಖದ ತುಂಬ ನೊರೆ ಹೊತ್ತು. "ನೀನು ಬೋಳಿಸ್ತಾ ಇದೀಯೋ, ಹಲಾಲ್ ಮಾಡ್ತಾ ಇದೀಯೋ? ಆ ಕೈ ಸ್ವಲ್ಪ ನಿಧಾನ."

"ಅಲ್ಲಾಡಬೇಡಿ ಹಾಜಿ. ಪ್ರಾಸ ತಪ್ಪತ್ತೆ."

"ಪ್ರಾಸ ತಪ್ಪಿದ್ರೆ ಇನ್ನೊಂದು ಸಿಗತ್ತಪ್ಪ. ನನಗಿರೋದು ಒಂದೇ ಕತ್ತು."

ನಾನೂ ಹೇಳಿ ನೋಡಿದೆ. "ಅಲ್ರೀ, ಅವರು ಏನು ಹಾಡ್ತಾರೆ ಅಂತ ಗೊತ್ತಿಲ್ದೆ ಉತ್ರ ಕಟ್ತೀರಲ್ಲ, ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಯೋದು ಬಿಡಿ."

"ನಿನಗೇನೇ ಗೊತ್ತು ಫಾನಿ. ಅಲ್ಲಿ ಹೊಳೀಲಿಲ್ಲ ಅಂದ್ರೆ? ಸಾಯೋವರೆಗೂ ನೆಂಟನಾಗೇ ಇರ್ಲಾ?" ಎಂದ. ಹಾಗೆ ಅಂದಾಗ ಅವನ ಮುಖ ಸಣ್ಣದಾಯಿತು, ನನಗೆ ಅಯ್ಯೋ ಅನಿಸಿತು. ಇಲ್ಲಿ ಅವನು ಗ್ರೀಸಿನವನು, ಅಲ್ಲಿ ಈಜಿಪ್ಟಿನವನು. ಎಲ್ಲಾದರೂ ಒಂದು ಕಡೆ ಊರಿನವನು ಅನ್ನಿಸಿಕೊಳ್ಳಬೇಕು ಎಂಬ ಆಸೆ ತಪ್ಪೇನೂ ಅಲ್ಲ.

ಕಳೆದ ಈಸ್ಟರಿಗೆ ಮಿನಾಸ್ ತಾನೇ ಫೋನು ಮಾಡಿದ. "ಈ ಸಲ ಬರ್ತೀಯೋ ಇಲ್ವೋ?" ಎಂದು ಕೇಳಿ ಇಟ್ಟುಬಿಟ್ಟ.

"ನೋಡಿದ್ಯಾ, ಸವಾಲು ಹಾಕ್ದ," ಎಂದ ನನ್ನ ಗಂಡ. ಆವತ್ತೇ ಪೆಟ್ಟಿಗೆ ಇಳಿಸಿದ. ಆಗಸ್ಟಿನವರೆಗೆ ಆ ಪೆಟ್ಟಿಗೆ ಬಾಗಿಲ ಬಳಿಯೇ ಬಿದ್ದಿತ್ತು. ನಾನು ಅದನ್ನು ಎಡವಿ ಬಿದ್ದಾಗಲೆಲ್ಲ "ಮೆಲ್ಲಗೆ, ಊರಿಗೆ ಹೋಗೋ ಸಾಮಾನು" ಎನ್ನುತ್ತಿದ್ದ.

ಹೋದೆವು. ಹಡಗಿನಲ್ಲಿ ಎಲ್ಲರೂ ವಾಂತಿ ಮಾಡುತ್ತಿದ್ದರೆ ಇವನು ಕಂಬಿ ಹಿಡಿದು ಬೋಳುತಲೆಯ ಉತ್ತರ ಗುನುಗುತ್ತಿದ್ದ.

ಹಬ್ಬದ ಊಟವಾಯಿತು. ಆಡಿನ ಮಾಂಸದ ತಟ್ಟೆಗಳನ್ನು ತೆಗೆದರು, ಲೀರಾ ಶುರುವಾಯಿತು. ನಾವು ಹೆಂಗಸರು ಗೋಡೆಗೆ ಒರಗಿ ನಿಂತಿದ್ದೆವು. ಮಿನಾಸನ ಪಕ್ಕದಲ್ಲೇ ಒಂದು ಜಾಗ ಖಾಲಿಯಿತ್ತು, ಥೆಮೆಲಿಸನನ್ನು ಅಲ್ಲಿ ಕೂರಿಸಿದರು. ಅವನ ತುಟಿ ಅಲ್ಲಾಡುತ್ತಿತ್ತು. ಹೊಟ್ಟೆಯೋ, ತಲೆಯೋ, ಅತ್ತರೋ, ಯಾವುದಕ್ಕೂ ಸಿದ್ಧ. ಮಿನಾಸನ ಮೀಸೆ ನರೆತಿತ್ತು. ಗ್ಲಾಸು ಎತ್ತಿದ, ತಗ್ಗಿದ ದನಿಯಲ್ಲಿ ಹಾಡಿದ:

ಒಂದು ಮಾತಿಗೆ ಎಷ್ಟು ಬೇಸಿಗೆ ತಮ್ಮಾ ನೀನು ಮುನಿದೆ,
ಪಕ್ಕದ ಜಾಗ ಖಾಲಿ ಇಟ್ಟು ದಾರಿ ನಾನು ಕಾದೆ.

ಹೊಡೆತಕ್ಕೆ ನನ್ನ ಗಂಡನ ಹತ್ತಿರ ಬೇಕಾದಷ್ಟು ಉತ್ತರಗಳಿದ್ದವು. ಇದಕ್ಕೆ ಒಂದೂ ಇರಲಿಲ್ಲ. ಲೀರಾದವನು ಇನ್ನೊಂದು ಸುತ್ತು ನುಡಿಸಿದ, ಮತ್ತೊಂದು ಸುತ್ತು. ಥೆಮೆಲಿಸ್ ಬಾಯಿ ತೆರೆದ. ಕೆಮ್ಮಿದ. ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕೆಂದರು. ನಾನು ಮನಸ್ಸಿನಲ್ಲೇ ಅವರಿಗೆ ಅರಬ್ಬಿಯಲ್ಲಿ ಬೈದೆ. ನನಗೆ ಅಳು ಬರುವಂತಾಗಿತ್ತು. ಅಷ್ಟರಲ್ಲಿ ನಾನು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ ಎರಡು ಸಾಲು ಕೇಳಿಸಿತು, ಒಡೆದ ದನಿಯಲ್ಲಿ:

ಎಷ್ಟು ಬೇಸಿಗೆ ಕತ್ತಿ ಮಸೆದೆ ಅಣ್ಣಾ ನಿನಗೆ ನಾನು,
ಗದ್ದ ಎತ್ತಿ ನೀನೇ ಕೂತೆ, ಇನ್ನು ಕುಯ್ಯಲೇನು?

ಆ ಎರಡನೆಯ ಸಾಲನ್ನು ಇಡೀ ಮೇಜು ಎತ್ತಿಕೊಂಡು ಹಾಡಿತು. ಹಾಗೆ ಹಾಡಿದರೆ ಒಪ್ಪಿದರು ಎಂದು ಅರ್ಥ. ಮಿನಾಸ್ ತೋಳಿನಲ್ಲಿ ಕಣ್ಣೊರೆಸಿಕೊಂಡು ಇವನ ಗ್ಲಾಸಿಗೆ ಸುರಿದ.

ಮರುದಿನ ಬೆಳಗ್ಗೆ ಮಿನಾಸ್ ನಾವಿದ್ದ ಮನೆಯ ಮೆಟ್ಟಿಲ ಮೇಲೆ ಬಂದು ಕೂತ. "ಬೋಳ್ಸೋ," ಎಂದು ಗದ್ದ ಎತ್ತಿದ. ನನ್ನ ಗಂಡ ನೊರೆ ಹಚ್ಚಿದ.

"ರಾತ್ರಿ ಎಲ್ಲ ನಿನ್ನ ಮಾತೇ ಆಡ್ತಿದ್ರು ಕಣೋ," ಎಂದ ಮಿನಾಸ್.

"ಏನಂತ? ಥೆಮೆಲಿಸ್ ಅಂದ್ರಾ?"

"ಇಲ್ಲಪ್ಪ. ಆ ಹೆಸರು ಇನ್ನು ಹೋಗಲ್ಲ, ಕೆಮ್ಮಣ್ಣಾನೇ." ಮಿನಾಸ್ ಕಣ್ಣು ಮುಚ್ಚಿಕೊಂಡೇ ಹೇಳಿದ. "ಆದ್ರೆ ಈಗ 'ನಮ್ಮ ಕೆಮ್ಮಣ್ಣ' ಅಂತಾರೆ."

ಅಷ್ಟು ವರ್ಷ ಹಾಜಿ ಶಾಬಾನರ ಕತ್ತಿನ ಮೇಲೆ ಒಂದು ಗೀರೂ ಬೀಳಿಸದ ಕೈ ಆಗ ಜಾರಿತು. ಮಿನಾಸನ ಗದ್ದದ ಮೇಲೆ ಆ ಗುರುತು ಇನ್ನೂ ಇದೆಯಂತೆ. ಮುಂದಿನ ಬೇಸಿಗೆಗೆ ನೋಡಬೇಕು. ಪೆಟ್ಟಿಗೆ ಆಗಲೇ ಬಾಗಿಲ ಬಳಿ ಬಿದ್ದಿದೆ, ನಾನು ಇವತ್ತೂ ಎಡವಿದೆ.