ಬಾಯಲ್ಲಿ ಉಳಿದ ಹೆಸರು

ಬಿ.ಜಿ. ಕೆರೆಯ ಹೈಸ್ಕೂಲಿನಲ್ಲಿ ಎಷ್ಟೋ ವರ್ಷ ಕಪ್ಪುಹಲಗೆಯ ಮೇಲೆ ಮೆದುಳಿನ ಚಿತ್ರ ಬರೆದವನು ನಾನು. ಚಿತ್ರ ಎಷ್ಟು ಚೆನ್ನಾಗಿರುತ್ತಿತ್ತೆಂದರೆ, ಮಕ್ಕಳು “ಸಾ, ಅದು ಹೂಕೋಸಾ?” ಎಂದು ಕೇಳುತ್ತಿದ್ದರು. ಎಡ ಕಣತಲೆಯ ಒಳಗಡೆ, ಮೆದುಳಿನ ಮುಂಭಾಗದ ಕೆಳಮಡಿಕೆಗೆ ಒಂದು ಸುತ್ತು ಎಳೆದು, ‘ಬ್ರೋಕಾ ಭಾಗ: ಮಾತು ಇಲ್ಲಿ ಸಿದ್ಧವಾಗುತ್ತದೆ’ ಎಂದು ಬರೆದು ಚಾಕ್‌ಪೀಸು ಕೆಳಗಿಡುತ್ತಿದ್ದೆ. ಅಲ್ಲಿಗೆ ಪಾಠ ಮುಗಿಯುತ್ತಿತ್ತು.

ಹೋದ ವರ್ಷ ನನ್ನ ಹೆಂಡತಿ ಗೌರಮ್ಮನಿಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು. ಮೆದುಳಿನಲ್ಲಿ ಕೆಟ್ಟದ್ದು ಸರಿಯಾಗಿ ನಾನು ಎಳೆಯುತ್ತಿದ್ದ ಆ ಸುತ್ತಿನೊಳಗಿನ ಜಾಗವೇ. ಕೇಳಿದ್ದನ್ನು ಅರ್ಥ ಮಾಡಿಕೊಳ್ಳುವ ಜಾಗ ಇನ್ನೂ ಹಿಂದೆ, ಕಿವಿಯ ಮೇಲ್ಗಡೆ, ಅದಕ್ಕೇನೂ ಆಗಿಲ್ಲ. ಹಾಗಾಗಿ ನಾವು ಆಡಿದ್ದೆಲ್ಲ ಅವಳಿಗೆ ತಿಳಿಯುತ್ತದೆ. ತಾನು ಹೇಳಹೋದರೆ ಮಾತ್ರ ಒಂದೇ ಮಾತು ಬರುತ್ತದೆ. ಇಂಥವರ ಬಾಯಲ್ಲಿ ಯಾವುದೋ ಒಂದು ಮಾತು ಉಳಿದುಬಿಡುವುದುಂಟು ಎಂದರು ಚಳ್ಳಕೆರೆಯ ಡಾಕ್ಟರು. ಉಳಿದದ್ದು ನನ್ನ ಹೆಸರು, ತಿಪ್ಪೇಸ್ವಾಮಿ.

ಮದುವೆಯಾದಂದಿನಿಂದ ಅವಳು ಗಂಡನ ಹೆಸರು ಹಿಡಿದು ಮಾತಾಡಿದವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದ ಮನೆಯ ಓಬಮ್ಮನ ಕಡೆ ತಿರುಗಿ, “ನೀನೇ ಹೇಳೇ” ಎನ್ನುವಳು. ನಾಯಕನಹಟ್ಟಿ ದೇವರದೂ ಅದೇ ಹೆಸರಾದ್ದರಿಂದ ಆತನೂ ಅವಳಿಗೆ ಬರೀ ‘ಹಟ್ಟಿ ಅಜ್ಜ’. ಲಕ್ವ ಹೊಡೆದ ಮೇಲೆ ನೀರು ಬೇಕಾದರೂ ತಿಪ್ಪೇಸ್ವಾಮಿ, ಎಮ್ಮೆ ಹಿತ್ತಿಲಿಗೆ ನುಗ್ಗಿದರೂ ತಿಪ್ಪೇಸ್ವಾಮಿ. ಒಂದು ದಿನ ಅದನ್ನು ಕೇಳಿ ಓಬಮ್ಮ ನಕ್ಕುಬಿಟ್ಟಳು. “ಅಯ್ಯೋ ಗೌರಕ್ಕ, ಮೇಷ್ಟ್ರನ್ನ ಹೆಸ್ರಿಡ್ದು ಕರೀತೀಯಲ್ಲ!”

ಗೌರಮ್ಮ ಎಡಗೈಯಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಆಮೇಲೆ ಬಾಯೇ ಬಿಡಲಿಲ್ಲ.

“ಮಾತಾಡಿಸ್ತಾ ಇರ್ಬೇಕು ಮೇಷ್ಟ್ರೇ. ಸುಮ್ನೆ ಬಿಟ್ರೆ ಇರೋದೂ ಹೋಗ್ತೈತೆ” ಎಂದು ಡಾಕ್ಟರು ಎಚ್ಚರಿಸಿದ್ದಾರೆ. ನನಗೋ ದಿಕ್ಕೇ ತೋಚದು. ಬ್ರೋಕಾ ಎಂಬುದು ಫ್ರಾನ್ಸಿನ ಯಾವನೋ ವೈದ್ಯನ ಹೆಸರು. ಅದನ್ನು ಹುಟ್ಟಿನಿಂದ ತಲೆಯೊಳಗೆ ಇಟ್ಟುಕೊಂಡವಳು, ಕಟ್ಟಿಕೊಂಡವನ ಹೆಸರಿಗೆ ಹೀಗೆ ನಾಚಿ ಸಾಯುತ್ತಾಳಲ್ಲ!

ನಿನ್ನೆ ಬೆಳಿಗ್ಗೆ ಮಂಚದ ಹತ್ತಿರ ಹೋಗಿ ಹೇಳಿದೆ: “ನೋಡೇ, ಇವತ್ತಿಂದ ಅದು ನನ್ ಹೆಸ್ರಲ್ಲ. ಬಿಟ್ಟುಕೊಟ್ಟಿದೀನಿ. ನೀರಿಗೂ ಅದೇ, ಎಮ್ಮೆಗೂ ಅದೇ. ಧೈರ್ಯವಾಗಿ ಅನ್ನು.”

ಬಾಯಿಗೆ ಅಡ್ಡ ಹಿಡಿದಿದ್ದ ಎಡಗೈ ತೆಗೆದಳು. “ತಿಪ್ಪೇಸ್ವಾಮಿ” ಎಂದಳು, ಮೆತ್ತಗೆ.

ಓಡಿಹೋಗಿ ನೀರು ತಂದೆ. ಅಲ್ಲವೆಂದು ತಲೆ ಅಲ್ಲಾಡಿಸಿದಳು. ಮಜ್ಜಿಗೆ ತಂದೆ, ಅಲ್ಲ. ಹೊದಿಕೆ, ಬೀಸಣಿಗೆ, ಎಲೆಅಡಿಕೆ, ಯಾವುದೂ ಅಲ್ಲ. ಸಾಕಾಗಿ ಬರಿಗೈಯಲ್ಲಿ ಅವಳ ಪಕ್ಕ ಕೂತೆ. ಆಗ ತಲೆ ಅಲ್ಲಾಡಿಸುವುದನ್ನು ನಿಲ್ಲಿಸಿದಳು.